ಬಟನ್ ಮುಟ್ಟದೆ ಎಕ್ಸ್‌ರೇ ಕಲಿಸಿದ್ದು: ಬೀದರಿನ ನನ್ನ ಅನುಭವ

ನಮ್ಮಲ್ಲಿ ಪಶುಗಳ ಎಕ್ಸ್‌ರೇ ಕಲಿಯಲು ಬಂದವರಿಗೆ ಮೊದಲ ಮೂರು ವಾರ ಎಕ್ಸ್‌ಪೋಷರ್ ಬಟನ್ ಮುಟ್ಟಲು ಬಿಡುವುದಿಲ್ಲ. ಡಾಕ್ಟರ್ ಗೆಳೆಯರೇ ಇದನ್ನು ನಂಬಿರಲಿಲ್ಲ. "ಮಷೀನ್ ಚಾಲೂನೇ ಮಾಡಲಾರ್ದೆ ಏನ್ ಕಲಿಸ್ತೀಯೋ ತಮ್ಮಾ?" ಎಂದು ಒಬ್ಬ ಹಿರಿಯರು ಮುಖಕ್ಕೇ ಕೇಳಿದ್ದರು. ಈಗ ಅವರೇ ನಮ್ಮ ಬ್ಯಾಚಿನ ಹುಡುಗನನ್ನು ಕರೆಸಿ ಪ್ಲೇಟ್, ಅಂದರೆ ಎಕ್ಸ್‌ರೇ ಚಿತ್ರ, ತೆಗೆಸುತ್ತಾರೆ.

ಬೀದರಿನಲ್ಲಿ ಪಶು ವಿಶ್ವವಿದ್ಯಾಲಯವೇ ಇದೆ. ಎಕ್ಸ್‌ರೇ ನೋಡಿ ಓದಬಲ್ಲ ಡಾಕ್ಟರ್‌ಗಳು ಬೇಕಾದಷ್ಟು ಇದ್ದಾರೆ. ಸಿಗದೇ ಇರುವುದು ಒಳ್ಳೆ ಪ್ಲೇಟ್ ತೆಗೆಯುವ ಕೈ. ಹಳೆ ಕ್ರಮದಲ್ಲಿ ಒಂದು ವಾರ ಪಾಠ ಮಾಡಿ ನೇರ ಮಷೀನ್ ಮುಂದೆ ನಿಲ್ಲಿಸುತ್ತಿದ್ದರು. ಹತ್ತು ಪ್ಲೇಟಿನಲ್ಲಿ ನಾಲ್ಕು ರಿಪೀಟ್. ಫಿಲ್ಮ್ ಇದ್ದಾಗ ಖರ್ಚು ಕಣ್ಣಿಗೆ ಕಾಣುತ್ತಿತ್ತು. ಫಿಲ್ಮ್ ಮೇಲೆ ಚಿತ್ರ ಮೂಡಿಸುವ ದ್ರಾವಣ ಡೆವಲಪರ್ 20 ಡಿಗ್ರಿಯಲ್ಲಿ ಇರಬೇಕು, ನಮ್ಮ ಏಪ್ರಿಲ್‌ನಲ್ಲಿ ಹೊರಗೆ 40. ಟ್ಯಾಂಕಿನ ಸುತ್ತ ಐಸ್ ಇಟ್ಟು ಕೂತಿದ್ದೇವೆ. ಫಿಲ್ಮ್ ಬದಲು ಕಂಪ್ಯೂಟರ್‌ನಲ್ಲಿ ಚಿತ್ರ ತೋರಿಸುವ ಸಿಆರ್ ಬಂದ ಮೇಲೆ ರಿಪೀಟ್ ಕಡಿಮೆ ಆಯಿತು ಅಂತ ಎಲ್ಲರೂ ಖುಷಿಪಟ್ಟರು. ನಿಜದಲ್ಲಿ ತಪ್ಪು ಮುಚ್ಚಿಹೋಗಿತ್ತು, ಅಷ್ಟೇ. ಎಂಎಎಸ್ (ಕಿರಣದ ಪ್ರಮಾಣ) ಜಾಸ್ತಿ ಕೊಟ್ಟರೂ ಕಂಪ್ಯೂಟರ್ ಚಿತ್ರವನ್ನು ಚೆನ್ನಾಗಿಯೇ ತೋರಿಸುತ್ತದೆ. ಕಡಿಮೆ ಕೊಟ್ಟರೆ ಮಾತ್ರ ಮರಳು ಮರಳಾಗಿ ಬರುತ್ತದೆ. ಹಾಗಾಗಿ ಹುಡುಗರು ಸುಮ್ನೆ ಏರಿಸುತ್ತಲೇ ಹೋಗುತ್ತಾರೆ. ಅದರ ಪಾಲು, ಪಶುವನ್ನು ಹಿಡಿದು ನಿಂತವರ ಮೈಗೆ ಹೋಗುತ್ತದೆ.

ನಾನು ಮಾಡಿದ್ದು ಇಷ್ಟು. ಮೊದಲ ವಾರ ಉಸ್ಮಾನಾಬಾದಿ ಮೇಕೆ, ಕ್ಯಾಲಿಪರ್, ಕಿರಣ ಬೀಳುವ ಜಾಗ ತೋರಿಸುವ ಕಾಲಿಮೇಟರ್ ಲೈಟು. ದಪ್ಪ ಅಳೆಯುವುದು, ಮಲಗಿಸುವುದು, ಲೈಟ್ ಹಾಕಿ ಚೌಕ ಕೂರಿಸುವುದು, ಮೊಬೈಲ್‌ನಲ್ಲಿ ಫೋಟೋ ತೆಗೆಯುವುದು. ಸಂಜೆ ಆ ಫೋಟೋಗಳನ್ನು ಗೋಡೆಗೆ ಹಾಕಿ ಎಲ್ಲರೂ ಕೂತು ನೋಡುತ್ತೇವೆ. ಎರಡನೇ ವಾರ ಕಟುಕರ ಅಂಗಡಿಯಿಂದ ಕಾಲು ತರುತ್ತೇವೆ, ಒಂದು ಬ್ಯಾಚಿಗೆ ಏಳೆಂಟು ನೂರು ರೂಪಾಯಿ. ಗರಗಸದಿಂದ ಮೂಳೆ ಸೀಳಿ, ಚರ್ಮ ಮುಚ್ಚಿ ಕೊಡುತ್ತೇನೆ. ಹುಡುಗರು ಎರಡೂ ಕೋನದ ಪೊಸಿಷನ್ ಮಾಡುತ್ತಾರೆ, ಬಟನ್ ನಾನು ಒತ್ತುತ್ತೇನೆ. ಒಂದೇ ಕೋನದಲ್ಲಿ ಸೀಳು ಕಾಣದೆ ಹೋದಾಗ ಇನ್ನೊಂದು ಕೋನ ಯಾಕೆ ಬೇಕು ಅಂತ ಹೇಳುವುದೇ ಬೇಡ. ಮೂರನೇ ವಾರ ಯಾವ ದಪ್ಪಕ್ಕೆ ಎಷ್ಟು ಕಿರಣ ಅನ್ನುವ ಚಾರ್ಟನ್ನು ಪ್ರತಿಯೊಬ್ಬರೂ ತಾವೇ ಬರೆಯುತ್ತಾರೆ. ಸೆಂಟಿಮೀಟರ್‌ನಲ್ಲಿ ಅಳೆದ ದಪ್ಪದ ಎರಡರಷ್ಟಕ್ಕೆ 40 ಕೂಡಿಸಿದ ಕೆವಿ (ಕಿರಣದ ಬಲ) ಎಲ್ಲರಿಗೂ ಗೊತ್ತು, ಅಲ್ವಾ? ಆದರೆ ನಮ್ಮ ಕರೆಂಟ್ ಸಂಜೆ ಕುಸಿಯುತ್ತದೆ. ಬೆಳಗ್ಗೆಯ ಚಾರ್ಟ್ ಸಂಜೆಗೆ ನಡೆಯುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕಾಲಂ ಹಾಕಿಸುತ್ತೇನೆ. ಸಂಜೆ ಕಾಲಂಗೆ ಎಷ್ಟು ಕೂಡಿಸಬೇಕು ಅನ್ನುವ ಲೆಕ್ಕ ನನ್ನ ಹುಡುಗರ ಹತ್ತಿರ ಮಾತ್ರ ಇರಲಿ.

ಬಟನ್ ಕೈಗೆ ಬಂದ ಮೇಲೆ ಒಂದೇ ಕಟ್ಟುನಿಟ್ಟು. ಚಿತ್ರದಲ್ಲಿ ಯಾರದಾದರೂ ಬೆರಳು ಕಂಡರೆ ಆ ದಿನ ಅವನಿಗೆ ಮಷೀನ್ ಇಲ್ಲ. ಲೆಡ್ ಏಪ್ರನ್ ಇರುವುದು ಚದುರಿದ ಕಿರಣಕ್ಕೆ, ನೇರ ಕಿರಣಕ್ಕೆ ಅಲ್ಲ. ಮರಳು ಚೀಲ ಇಡಿ, ಹಗ್ಗ ಉದ್ದ ಬಿಡಿ, ಮಾಲೀಕರನ್ನು ದೂರ ನಿಲ್ಲಿಸಿ. ಮೈಗೆ ಬಿದ್ದ ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಓದಿಸಲು ಕಳಿಸುತ್ತೇವೆ, ತಪ್ಪಿಸಿದ್ದಿಲ್ಲ.

ದನದ ಕಾಲಿಗೆ ಬಂದರೆ ಮೊದಲ ಕೆಲಸ ಬ್ರಷ್ಷು. ಒಂದು ದೇವಣಿ ಎತ್ತಿನ ಗೊರಸಿನ ಮೇಲ್ಗಡೆ ಸಣ್ಣ ಮೂಳೆ ಚೂರು ಕಂಡಿತು. ಕೂದಲಲ್ಲಿ ಒಣಗಿದ ಕರಿಮಣ್ಣು ಉಜ್ಜಿ ತೆಗೆದು ಮತ್ತೆ ತೆಗೆಸಿದಾಗ ಚೂರು ಮಾಯ. ಇಲ್ಲದ ಮುರಿತಕ್ಕೆ ಪ್ಲಾಸ್ಟರ್ ಬೀಳುವುದು ತಪ್ಪಿತು. ಇನ್ನೊಂದು ಸಲ ಎಮ್ಮೆ ಒದ್ದು ಕ್ಯಾಸೆಟ್ ಒಳಗಿನ ಪ್ಲೇಟ್ ಒಡೆಯಿತು. ಮೂವತ್ತು ಸಾವಿರದ ಹತ್ತಿರ ಹೋಯಿತು, ಇಡೀ ಬ್ಯಾಚಿನ ಫೀಸಿನಲ್ಲಿ ಮುಕ್ಕಾಲು ಪಾಲು. ಆಮೇಲೆ ಉದ್ದ ಹಿಡಿಕೆಯ ಮರದ ಹೋಲ್ಡರ್ ಮಾಡಿಸಿದೆ. ಬಡಗಿಗೆ ಕೊಟ್ಟಿದ್ದು ಆರುನೂರೋ ಏಳುನೂರೋ. ಇವತ್ತಿನವರೆಗೂ ಇನ್ನೊಂದು ಪ್ಲೇಟ್ ಒಡೆದಿಲ್ಲ.

ಮಧ್ಯೆ ಒಂದು ಪ್ರಯೋಗ ಹೇಳಲೇಬೇಕು. ಸೀಸದ ಎಡ-ಬಲ ಮಾರ್ಕರ್‌ಗಳು ಪದೇ ಪದೇ ಕಳೆಯುತ್ತಿದ್ದವು. ಬಿದರಿ ಕೆಲಸದವರ ಬಳಿ ಹೋಗಿ ಉಳಿದ ತುಂಡುಗಳಲ್ಲಿ ಅಕ್ಷರ ಮಾಡಿಸಿದೆ. ಬಿದರಿ ಲೋಹ ಬಹುಪಾಲು ಸತುವು, ಸ್ವಲ್ಪ ತಾಮ್ರ. ಮೂರು ಮಿಲಿಮೀಟರ್ ದಪ್ಪಕ್ಕೇ ಪ್ಲೇಟಿನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಒಂದು ಜೊತೆಗೆ ಇನ್ನೂರು ರೂಪಾಯಿ. ಪ್ರತಿ ಹುಡುಗನ ಹೆಸರಿನ ಮೊದಲ ಅಕ್ಷರವೂ ಪಕ್ಕದಲ್ಲಿದೆ. ಕೆಟ್ಟ ಪ್ಲೇಟ್ ಯಾರದು ಅಂತ ಕೇಳುವ ಕೆಲಸವೇ ಇಲ್ಲ.

ಈಗ ರಿಪೀಟ್ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ನಾಯಿಯ ಸೊಂಟದ ಪ್ಲೇಟ್‌ನಲ್ಲಂತೂ ನಮ್ಮವರನ್ನು ಮೀರಿಸುವವರು ಈ ಭಾಗದಲ್ಲಿ ಸಿಗಲಿಕ್ಕಿಲ್ಲ. ಸೊಂಟದ ಮೂಳೆಯ ಎರಡೂ ಆಬ್ಟ್ಯುರೇಟರ್ ರಂಧ್ರ ಒಂದೇ ಅಳತೆ, ಮಂಡಿಚಿಪ್ಪು ನಡುವೆ. ಇಲ್ಲದಿದ್ದರೆ ಅವರೇ ಡಾಕ್ಟರಿಗೆ ಕಳಿಸುವುದಿಲ್ಲ.

ತಂತಿ ನುಂಗಿದ ದೊಡ್ಡ ಹಸುವಿಗೆ ಮಾತ್ರ ಪೋರ್ಟಬಲ್ ಮಷೀನ್ ಸಾಲದು. ಟ್ಯೂಬ್ ಸುಡುವುದು ಬೇಡ. ಅಲ್ಲಿ ಅಲ್ಟ್ರಾಸೌಂಡ್‌ನ 3.5 ಮೆಗಾಹರ್ಟ್ಸ್ ಪ್ರೋಬ್ ಹಿಡಿಸುತ್ತೇನೆ, ಎದೆಮೂಳೆಯ ಹಿಂದೆ, ಕೂದಲು ಬೋಳಿಸಿ. ಅಲ್ಟ್ರಾಸೌಂಡ್‌ನಲ್ಲಿ ತಂತಿ ಕಾಣುವುದು ಅಪರೂಪ, ಆದರೆ ಅಂಟಿಕೊಂಡ ರೆಟಿಕ್ಯುಲಮ್ (ಹೊಟ್ಟೆಯ ಒಂದು ಕೋಣೆ) ಕಾಣುತ್ತದೆ. ಚೆನ್ನಾಗಿದ್ದರೆ ನಿಮಿಷಕ್ಕೆ ಸುಮಾರು ಒಂದು ಸಲ, ಎರಡು ಹಂತದಲ್ಲಿ ಕುಗ್ಗಬೇಕು. ಹೊಸಬರು ಮೊದಲು ಗಡಿಯಾರ ಹಿಡಿದು ಹತ್ತು ಆರೋಗ್ಯವಂತ ಹಸುಗಳಲ್ಲಿ ಅದನ್ನೇ ಎಣಿಸುತ್ತಾರೆ. ಆಮೇಲೆ ಕಾಯಿಲೆಯ ಹಸು.