ಬಿಡಲ್ಲ ಅಂದ್ರೆ ಬಿಡಬಾರದು: ಪುಟ್ಟ ಮಕ್ಕಳಿಗೆ ಈಜು ಕಲಿಸಿದ ನನ್ನ ಅನುಭವ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ಒಂದೇ: "ಸರ್, ಎಷ್ಟು ದಿನಕ್ಕೆ ಕಲೀತಾನೆ?" ಎರಡನೆಯದು ಫೀಸು. ಮೂರನೆಯದು, "ನೀವು ಯಾವ ಲೆವೆಲ್‌ವರೆಗೂ ಈಜಿದೀರ?" 14 ವರ್ಷದಿಂದ ಮೈಸೂರಿನಲ್ಲಿ 4ರಿಂದ 8 ವರ್ಷದ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆ. "ನೀವು ಮಕ್ಕಳ ಜೊತೆ ನೀರಿಗೆ ಇಳೀತೀರಾ, ಇಲ್ಲಾ ಮೇಲೇ ನಿಂತ್ಕೋತೀರಾ?" ಅಂತ ಕೇಳಿದವರು ಇಷ್ಟು ವರ್ಷದಲ್ಲಿ ಮೂರೋ ನಾಲ್ಕೋ ಜನ. ಮೊದಲು ಕೇಳಬೇಕಾದ ಪ್ರಶ್ನೆ ಅದೇ ಅಂತ ನನಗೆ ಅನ್ನಿಸುತ್ತದೆ.

ನಾನು ಈಜು ಕಲಿತದ್ದು ಮಂಡ್ಯದ ಕಡೆಯ ನಮ್ಮೂರಿನ ತೋಟದ ಬಾವಿಯಲ್ಲಿ. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ತಾತ ತಾವೇ ಮೊದಲು ನೀರಿಗೆ ಇಳಿಯುತ್ತಿದ್ದರು. "ಹಗ್ಗ ನನ್ ಕೈಲದೆ ಕಣ್ಲಾ, ಬುಡಕಿಲ್ಲ" ಅನ್ನುವರು. ನಿಜಕ್ಕೂ ಬಿಡುತ್ತಿರಲಿಲ್ಲ. ಅದೇ ಬಾವಿಯಲ್ಲಿ ಚಿಕ್ಕಪ್ಪನ ದಾರಿ ಬೇರೆ. ಮೆಟ್ಟಿಲ ಮೇಲೆ ನಿಂತ ಹುಡುಗರನ್ನು ಹಿಂದಿನಿಂದ ತಳ್ಳಿಬಿಡುತ್ತಿದ್ದರು. ನೀರು ಕುಡಿದರೆ ತಾನೇ ಬರುತ್ತೆ ಅನ್ನುವುದು ಅವರ ನಂಬಿಕೆ. ಕೆಲವರಿಗೆ ಬಂತು. ಅವರ ಸ್ವಂತ ಮಗನಿಗೆ ಬರಲಿಲ್ಲ. ಅವನಿಗೆ ಈಗ 40 ದಾಟಿದೆ. ಇವತ್ತಿಗೂ ನಾಲೆ ಏರಿಯ ಮೇಲೆ ಬೈಕ್ ಓಡಿಸುವಾಗ ನೀರಿನ ಕಡೆ ತಿರುಗಿ ನೋಡುವುದಿಲ್ಲ.

ಆಮೇಲೆ ಶಾಲೆ, ಕಾಲೇಜು, ಜಿಲ್ಲಾ ಮಟ್ಟದ ಒಂದೆರಡು ಪದಕ, ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸ್. ಸ್ಟ್ರೋಕ್ ತಿದ್ದುವುದು, ಟರ್ನ್ ಹೇಳಿಕೊಡುವುದು ಎಲ್ಲ ಗೊತ್ತಿತ್ತು. 5 ವರ್ಷದ ಮಗುವಿನ ಮುಂದೆ ಅದರಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ನನ್ನ ಮೊದಲ ಸಮ್ಮರ್ ಕ್ಯಾಂಪ್. 21 ದಿನದ ಬ್ಯಾಚ್. ಒಂದು ಗಂಟೆಗೆ 25 ಮಕ್ಕಳು, ನಾನೊಬ್ಬ, ಜೊತೆಗೊಬ್ಬ ಲೈಫ್‌ಗಾರ್ಡ್. ಅದರಲ್ಲಿ 6 ವರ್ಷದ ಒಬ್ಬ ಹುಡುಗ. ನೀಲಿ ಕ್ಯಾಪು, ತೆಳ್ಳಗಿನ ಕಾಲು. ಅಂಗಾತ ತೇಲುವುದನ್ನು ಕಲಿಸುತ್ತಿದ್ದೆ. ಅವನ ತಲೆ ನನ್ನ ಅಂಗೈಯಲ್ಲಿತ್ತು. "ಬಿಡಬೇಡಿ ಸರ್" ಅಂದ. "ಬಿಡಲ್ಲ ಪುಟ್ಟಾ" ಅಂದೆ. ಚೆನ್ನಾಗಿ ತೇಲುತ್ತಿದ್ದಾನೆ ಅನ್ನಿಸಿತು. ಗೊತ್ತಾಗದ ಹಾಗೆ ಬಿಟ್ಟರೆ ಧೈರ್ಯ ಬರುತ್ತದೆ ಅಂದುಕೊಂಡೆ. ಮೆಲ್ಲಗೆ ಕೈ ತೆಗೆದೆ. ಎರಡು ಸೆಕೆಂಡ್ ತೇಲಿದ. ಆಮೇಲೆ ಕತ್ತು ಎತ್ತಿ ನನ್ನ ಕೈ ಹುಡುಕಿದ. ಕತ್ತು ಎತ್ತಿದರೆ ಸೊಂಟ ಇಳಿಯುತ್ತದೆ. ಮುಳುಗಿದ. ನಾನು ತಕ್ಷಣ ಎತ್ತಿಕೊಂಡೆ, ಮೂಗಿಗೆ ಒಂದಿಷ್ಟು ನೀರು ಹೋಗಿತ್ತು ಅಷ್ಟೆ. ಆದರೆ ಅವನು ಕೆಮ್ಮುತ್ತಾ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದರಲ್ಲಿ ನೀರಿನ ಭಯ ಇರಲಿಲ್ಲ. ನನ್ನ ಭಯ ಇತ್ತು. ಮರುದಿನ ಅವನು ಬರಲಿಲ್ಲ. ಆ ಬೇಸಿಗೆ ಪೂರ್ತಿ ಬರಲಿಲ್ಲ.

ಅವತ್ತಿನಿಂದ ಒಂದು ನಿಯಮ ಹಾಕಿಕೊಂಡಿದ್ದೇನೆ. ಬಿಡಲ್ಲ ಅಂದರೆ ಬಿಡುವುದಿಲ್ಲ. ಬಿಡುವುದಾದರೆ ಹೇಳಿ ಬಿಡುತ್ತೇನೆ. "ಈಗ ಮೂರು ಎಣಿಸ್ತೀನಿ, ಮೂರಕ್ಕೆ ಕೈ ತೆಗೀತೀನಿ, ಎರಡು ಎಣಿಸೋದ್ರೊಳಗೆ ಮತ್ತೆ ಹಿಡ್ಕೋತೀನಿ, ಆಯ್ತಾ?" ಮಗು "ಬೇಡ" ಅಂದರೆ ಅವತ್ತಿಗೆ ಬೇಡ. ಎರಡು ಅಂದಮೇಲೆ ಎರಡೇ. ಚೆನ್ನಾಗಿ ತೇಲುತ್ತಿದೆ, ಇನ್ನೂ ಸ್ವಲ್ಪ ನೋಡೋಣ ಅಂತ ಐದಕ್ಕೆ ಎಳೆಯುವುದಿಲ್ಲ. ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಎಣಿಸುತ್ತವೆ.

ಭಯದ ಬಗ್ಗೆ ಹೇಳುವಾಗ ಧಿನಿಧಿ ದೇಸಿಂಘು ನೆನಪಾಗುತ್ತಾಳೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಬೆಂಗಳೂರಿನ ಹುಡುಗಿ. ಆಗ ಅವಳಿಗೆ 14 ವರ್ಷ, ಭಾರತ ತಂಡದಲ್ಲೇ ಅತಿ ಚಿಕ್ಕವಳು. ಚಿಕ್ಕಂದಿನಲ್ಲಿ ನೀರೆಂದರೆ ತನಗೆ ಇಷ್ಟವೇ ಇರಲಿಲ್ಲ, ತಲೆ ಮುಳುಗಿಸಲೂ ಆಗುತ್ತಿರಲಿಲ್ಲ ಅಂತ ಅವಳೇ ಹೇಳಿಕೊಂಡಿದ್ದಾಳೆ. "ನಮ್ಮ ಮಗು ತುಂಬಾ ಹೆದರುತ್ತೆ, ಇದಕ್ಕೆ ಈಜು ಆಗಿಬರಲ್ಲ ಅಲ್ವಾ ಸರ್" ಅನ್ನುವ ಅಮ್ಮಂದಿರಿಗೆಲ್ಲ ನಾನು ಈ ಹುಡುಗಿಯ ವಿಷಯ ಹೇಳುತ್ತೇನೆ. ಹೆದರುವ ಮಗುವನ್ನು ಕಂಡರೆ ನನಗೆ ಒಂದು ರೀತಿಯಲ್ಲಿ ನೆಮ್ಮದಿ. ನೀರು ಏನು ಮಾಡಬಲ್ಲದು ಅಂತ ಅದಕ್ಕೆ ಗೊತ್ತಿದೆ. ಓಡಿಬಂದು ಧುಮುಕುವ ಮಗುವಿನ ಮೇಲೆಯೇ ಎರಡು ಕಣ್ಣು ಜಾಸ್ತಿ ಇಡಬೇಕು.

ಪುಟ್ಟ ಮಕ್ಕಳ ಕೋಚ್‌ಗೆ ನಿಜವಾದ ಕೆಲಸ ಕೈ ಕಾಲು ಬಡಿಸುವುದಲ್ಲ, ಉಸಿರು ಬಿಡಿಸುವುದು. ನೀರಿಗೆ ಮುಖ ಇಟ್ಟ ತಕ್ಷಣ ಮಗು ಉಸಿರು ಬಿಗಿಹಿಡಿಯುತ್ತದೆ. ಉಸಿರು ಹಿಡಿದರೆ ಕತ್ತು ಸೆಟೆಯುತ್ತದೆ, ಭುಜ ಕಿವಿಗೆ ಏರುತ್ತದೆ, ಮೈಯೆಲ್ಲ ಕಟ್ಟಿಗೆ ಆಗುತ್ತದೆ. ಹೊರಗೆ ಬಂದಮೇಲೆ ಮೊದಲು ಹಳೆಯ ಗಾಳಿ ಬಿಡಬೇಕು, ಆಮೇಲೆ ಹೊಸದು ಎಳೆಯಬೇಕು. ಅಷ್ಟು ಹೊತ್ತು ಸಿಗುವುದಿಲ್ಲ, ಗಾಬರಿಯಾಗುತ್ತದೆ. ಅದಕ್ಕೇ ಮೊದಲ ವಾರ ನನ್ನ ಬ್ಯಾಚ್‌ನಲ್ಲಿ ಈಜು ಇರುವುದೇ ಇಲ್ಲ, ಬರೀ ಊದುವುದು.

ಎರಡು ವರ್ಷದ ಕೆಳಗೆ ಬಂದ ಒಬ್ಬ ಹುಡುಗಿ, 5 ವರ್ಷ, ನೀರು ಗದ್ದಕ್ಕೆ ತಾಗಿದರೆ ಸಾಕು ಕಿರುಚುತ್ತಿದ್ದಳು. ಮೊದಲ ದಿನ ಬೇಬಿ ಪೂಲಿನ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತೆವು. ನೀರು ಮೊಣಕಾಲವರೆಗೆ. ಒಂದು ಪ್ಲಾಸ್ಟಿಕ್ ಚೆಂಡನ್ನು ತೇಲಿಬಿಟ್ಟು ಊದಿ ಊದಿ ಆಚೆ ದಡಕ್ಕೆ ಕಳಿಸಿದೆವು. ಮೂರನೇ ದಿನ ಬೊಗಸೆಯಲ್ಲಿ ನೀರು ತುಂಬಿಕೊಂಡು, "ಬಿಸಿ ಹಾಲು ಆರಿಸ್ತಾರಲ್ಲ, ಹಂಗೆ ಊದು ನೋಡೋಣ" ಅಂದೆ. ಊದಿದಳು. ಬೊಗಸೆ ಸ್ವಲ್ಪ ಮೇಲೆ ತಂದೆ. ತುಟಿ ನೀರಿಗೆ ತಾಗಿತು, ಗುಳುಗುಳು ಅಂತ ಗುಳ್ಳೆ ಎದ್ದವು. ಅವಳಿಗೇ ನಗು ಬಂತು. ಆರನೇ ದಿನ ಕೊಳದ ನೀರಿಗೆ ಬಾಯಿ ಇಟ್ಟಳು, ಮೂಗು ಇಡಲಿಲ್ಲ. ಮೂಗಿಗೆ ಇನ್ನೊಂದು ಉಪಾಯ ಇದೆ: ಬಾಯಿ ಮುಚ್ಚಿ ದುಂಬಿ ತರ ಗುಂಯ್ ಅನ್ನುವುದು. ಗುಂಯ್ ಅನ್ನುವಾಗ ಗಾಳಿ ಮೂಗಿನಿಂದಲೇ ಹೊರಗೆ ಬರುತ್ತದೆ, ನೀರು ಒಳಗೆ ಹೋಗುವುದಿಲ್ಲ. ನಾನು ಅವಳ ಎದುರಿಗೆ ಮುಖ ಮುಳುಗಿಸಿ ಗುಂಯ್ ಅಂದೆ, ಎದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೋಚ್ ಮುಖ ಒರೆಸಿಕೊಂಡರೆ ಮಗುವೂ ಒರೆಸಿಕೊಳ್ಳುತ್ತದೆ, ಹಾಗಾಗಿ ನಾನು ಒರೆಸಿಕೊಳ್ಳುವುದಿಲ್ಲ. ರೆಪ್ಪೆ ಬಡಿದು ನೀರು ಇಳಿಯಲು ಬಿಡುತ್ತೇನೆ. ಹನ್ನೊಂದನೇ ದಿನ, ನಾನು ಬೇರೆ ಮಗುವಿನ ಕಾಲು ಹಿಡಿದು ಕಿಕ್ ತೋರಿಸುತ್ತಿದ್ದಾಗ, ಪಕ್ಕದಲ್ಲಿ ಗುಂಯ್ ಅಂತ ಸದ್ದು. ತಿರುಗಿದರೆ ಅವಳ ಕ್ಯಾಪಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಎದ್ದವಳು ಮುಖ ಒರೆಸಿಕೊಳ್ಳಲಿಲ್ಲ.

21 ದಿನದ ಬ್ಯಾಚಿನಲ್ಲಿ ಅವಳು ಈಜಲಿಲ್ಲ. ತೇಲಿದಳು, ಗೋಡೆ ಒದ್ದು ಎರಡು ಮೀಟರ್ ಜಾರಿದಳು. ಅವರಪ್ಪನಿಗೆ ಅಸಮಾಧಾನ. ಪಕ್ಕದ ಬ್ಯಾಚಿನ ಹುಡುಗ ಡೀಪ್ ಎಂಡ್‌ಗೆ ಹೋಗುತ್ತಿದ್ದಾನಲ್ಲ ಅಂದರು. ಅವರನ್ನು ಕೂರಿಸಿಕೊಂಡು ಆ ಹುಡುಗ ಹೇಗೆ ಹೋಗುತ್ತಿದ್ದಾನೆ ನೋಡಿ ಅಂದೆ. ಕತ್ತು ಮೇಲೆ, ಬಾಯಿ ಬಿಗಿ, ಕೈ ಬಡಿತ ಜೋರು. ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಸ್ತು. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆಯ ಭಾರ ಜಾಸ್ತಿ. ಆ ತಲೆ ನೀರಿನ ಮೇಲೆ ಎತ್ತಿದರೆ ಕಾಲು ಕೆಳಗೆ ಹೋಗಲೇಬೇಕು. ತಲೆ ಇಳಿಸಿ ಉಸಿರು ಬಿಡಲು ಬಂದ ಮಗುವಿಗೆ ಉಳಿದದ್ದೆಲ್ಲ ಬೇಗ ಬರುತ್ತದೆ. ತೋಳಿಗೆ ಹಾಕುವ ಗಾಳಿ ಪಟ್ಟಿಗಳೂ ನನಗೆ ಹಿಡಿಸುವುದಿಲ್ಲ. ಅವು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತವೆ. ಈಜುವವರು ಮಲಗಬೇಕು, ನಿಲ್ಲಬಾರದು. ಅದಕ್ಕಿಂತ ಹೆಚ್ಚಾಗಿ, ಪಟ್ಟಿ ಕಳಚಿದ ದಿನವೂ ತನಗೆ ತೇಲಲು ಬರುತ್ತದೆ ಅಂತ ಮಗು ನಂಬಿಬಿಡುತ್ತದೆ.

ಈಗ ಸುರಕ್ಷತೆಯ ಮಾತು. ಮುಳುಗುವ ಮಗು ಕೂಗುವುದಿಲ್ಲ. ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ ವಾಲಿದ್ದು, ಕಣ್ಣು ಎಲ್ಲೋ ನೆಟ್ಟಿರುತ್ತದೆ. ಆಡುತ್ತಿದೆ ಅಂದುಕೊಳ್ಳಬೇಕು, ಹಾಗಿರುತ್ತದೆ. ಮುಳುಗಲು ಒಂದು ನಿಮಿಷವೂ ಬೇಕಾಗುವುದಿಲ್ಲ. ಹಾಗಾಗಿ ನಾನು ನೀರಿನಲ್ಲಿರುವಷ್ಟು ಹೊತ್ತು ತಲೆ ಎಣಿಸುತ್ತಲೇ ಇರುತ್ತೇನೆ. ಮಾತಾಡುತ್ತಾ, ನಗುತ್ತಾ, ಒಳಗೊಳಗೆ ಒಂದು, ಎರಡು, ಮೂರು. 25 ತಲೆ ಹೀಗೆ ಎಣಿಸಲು ಆಗುವುದಿಲ್ಲ. ಆ ಮೊದಲ ಬೇಸಿಗೆಯ ನಂತರ ಒಬ್ಬ ಕೋಚ್‌ಗೆ ಐದು ಮಕ್ಕಳು, ಮೇಲೆ ಲೈಫ್‌ಗಾರ್ಡ್ ಬೇರೆ ಅಂತ ಪಟ್ಟು ಹಿಡಿದೆ. ಅಷ್ಟಕ್ಕೆ ಲಾಭ ಎಲ್ಲಿಂದ ಅಂತ ಕೊಳ ನಡೆಸುವವರು ಕೇಳಿದರು. ಎರಡು ಕಡೆ ಕೆಲಸ ಬಿಟ್ಟೆ. ಮೂರನೆಯವರು ಒಪ್ಪಿದರು. ಫೀಸು ಜಾಸ್ತಿ ಆಗುತ್ತದೆ, ನಿಜ. ಅದು ನನಗೂ ಸಂಕಟವೇ. ಸಂಜೆಯ ಒಂದು ಬ್ಯಾಚನ್ನು ಅರ್ಧ ಫೀಸಿಗೆ ಮಾಡುತ್ತೇನೆ, ಅದು ಬಿಟ್ಟು ನನಗೆ ಬೇರೆ ದಾರಿ ಹೊಳೆದಿಲ್ಲ.

ಉಸಿರು ಹಿಡಿಯುವ ಪಂದ್ಯ ನನ್ನ ಕೊಳದಲ್ಲಿ ಇಲ್ಲ. ಯಾರು ಜಾಸ್ತಿ ಹೊತ್ತು ಒಳಗಿರ್ತಾರೆ ಅಂತ ಮಕ್ಕಳು ಆಡುವುದುಂಟು, ದೊಡ್ಡವರೂ ಹುರಿದುಂಬಿಸುತ್ತಾರೆ. ನೀರೊಳಗೆ ಸದ್ದಿಲ್ಲದೆ ಪ್ರಜ್ಞೆ ತಪ್ಪಿಬಿಡಬಹುದು. ಅದು ಆಟವಲ್ಲ.

ಚಳಿಯನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರುತ್ತದೆ. ಜೋರಾಗಿ ಈಜುವ ದೊಡ್ಡವರಿಗೆ ಅದು ಸರಿ. ಪುಟ್ಟ ಮೈ ಬೇಗ ತಣ್ಣಗಾಗುತ್ತದೆ. ಮೈಸೂರಿನಲ್ಲಿ ಡಿಸೆಂಬರ್ ಬೆಳಗ್ಗೆ ನೀರಿಗಿಳಿದ 5 ವರ್ಷದ ಮಗುವಿನ ತುಟಿ ಹತ್ತು ನಿಮಿಷಕ್ಕೆ ನೀಲಿಯಾಗುತ್ತದೆ. ಆಮೇಲೆ ಅದಕ್ಕೆ ಏನು ಹೇಳಿದರೂ ತಲೆಗೆ ಹೋಗುವುದಿಲ್ಲ. ಮೊಂಡು ಮಾಡುತ್ತೆ ಅಂತ ಬೈಸಿಕೊಂಡ ಎಷ್ಟೋ ಮಕ್ಕಳಿಗೆ ಆಗಿರುವುದು ಬರೀ ಚಳಿ. ನನ್ನ ಪಾಠ 30 ನಿಮಿಷ. ತುಟಿ ಬಣ್ಣ ತಿರುಗಿದರೆ ಮಧ್ಯದಲ್ಲೇ ಹೊರಗೆ ಕಳಿಸಿ ಟವೆಲ್ ಸುತ್ತಿಸುತ್ತೇನೆ.

ಮುಟ್ಟುವ ವಿಷಯ ಹೇಳಲೇಬೇಕು. ಈಜು ಕಲಿಸುವವರು ಮಗುವನ್ನು ಮುಟ್ಟದೆ ಇರಲು ಆಗುವುದಿಲ್ಲ. "ಬೆನ್ನ ಕೆಳಗೆ ಕೈ ಇಡ್ತೀನಿ" ಅಂತ ಹೇಳಿಯೇ ಇಡುತ್ತೇನೆ. ತಲೆಯ ಹಿಂದೆ, ಬೆನ್ನಿಗೆ, ಅಂಗೈಗೆ, ಪಾದಕ್ಕೆ, ಅಷ್ಟೆ. ಅಪ್ಪ ಅಮ್ಮ ಗ್ಯಾಲರಿಯಲ್ಲಿ ಕೂತು ನೋಡಬಹುದು. ಬಟ್ಟೆ ಬದಲಿಸುವ ಕೋಣೆಗೆ ಕೋಚ್‌ಗಳು ಹೋಗುವಂತಿಲ್ಲ, ಮಗುವಿನ ಮನೆಯವರೇ ಹೋಗಬೇಕು. ನೋಡಲು ಬಿಡದ ಕೊಳಕ್ಕೆ ಮಗುವನ್ನು ಕಳಿಸಬೇಡಿ. ಮಗು ಅಮ್ಮನನ್ನೇ ನೋಡುತ್ತಾ ಪಾಠ ಕೆಡಿಸುತ್ತೆ ಅನ್ನುವ ನೆಪ ನಾನು ಕೇಳಿದ್ದೇನೆ. ನೋಡಲಿ ಬಿಡಿ. ಎರಡು ದಿನ ಅಮ್ಮನನ್ನು ನೋಡುತ್ತದೆ, ಮೂರನೇ ದಿನ ಚೆಂಡು ನೋಡುತ್ತದೆ.

ನಾಲ್ಕು ವರ್ಷಕ್ಕೇ ಕಳಿಸಬೇಕಾ ಅಂತ ಕೇಳುವವರಿದ್ದಾರೆ. ನಾಲ್ಕರ ಹೊತ್ತಿಗೆ ಬಹಳಷ್ಟು ಮಕ್ಕಳು ಪಾಠಕ್ಕೆ ಸಿದ್ಧವಾಗಿರುತ್ತವೆ. ತಡವಾದರೆ ನಷ್ಟವೇನೂ ಇಲ್ಲ, ಆದರೆ ಕಲಿಸದೆ ಬಿಡಬೇಡಿ. ನಮ್ಮ ಮಂಡ್ಯ, ಮೈಸೂರಿನ ಕಡೆ ಎಲ್ಲಿ ನೋಡಿದರೂ ನಾಲೆ, ಕೆರೆ, ಹೊಳೆ. ಬೇಸಿಗೆ ರಜೆಯಲ್ಲಿ ಈಜಲು ಹೋದ ಹುಡುಗರ ಸುದ್ದಿ ಪೇಪರ್‌ನಲ್ಲಿ ಓದದ ವರ್ಷ ನನಗೆ ನೆನಪಿಲ್ಲ. ಕೊಳದಲ್ಲಿ ಕಲಿತ ಮಗುವಿಗೂ ನಾಲೆ ಬೇರೆ, ಸೆಳೆತ ಬೇರೆ ಅಂತ ಪ್ರತಿ ಬ್ಯಾಚಿನ ಕೊನೇ ದಿನ ಹೇಳುತ್ತೇನೆ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡ, ಕೋಲು ಕೊಡು, ಹಗ್ಗ ಎಸೆ, ಖಾಲಿ ಕ್ಯಾನ್ ಎಸೆ, ಕೂಗು. ತೇಲುವ ಹಲಗೆಯಾದ ಕಿಕ್‌ಬೋರ್ಡ್ ಎಸೆದು ಅಭ್ಯಾಸವನ್ನೂ ಮಾಡಿಸುತ್ತೇನೆ.

ಆ ನೀಲಿ ಕ್ಯಾಪಿನ ಹುಡುಗನನ್ನು ಮತ್ತೆ ನೋಡಿದ್ದು ನಾಲ್ಕು ವರ್ಷದ ಮೇಲೆ. ಅವರಮ್ಮ ಅವನ ತಂಗಿಯನ್ನು ಸೇರಿಸಲು ಬಂದಿದ್ದರು. ಅವನು ಗ್ಯಾಲರಿಯ ಕೊನೇ ಬೆಂಚಿನಲ್ಲಿ ಶೂ ಹಾಕಿಕೊಂಡೇ ಕೂತಿದ್ದ. ಮೂರು ದಿನ ಹಾಗೇ ಕೂತ. ನಾಲ್ಕನೇ ದಿನ ಪಾಠ ಮುಗಿದ ಮೇಲೆ ಒದ್ದೆ ಮೈಯಲ್ಲೇ ಹೋಗಿ ಅವನ ಪಕ್ಕ ಕೂತೆ. "ಅವತ್ತು ಬಿಡಲ್ಲ ಅಂತ ಹೇಳಿ ಬಿಟ್ಟೆ. ತಪ್ಪು ನಂದು, ನಿಂದಲ್ಲ" ಅಂದೆ. ಅವನು ತಲೆ ಎತ್ತಲಿಲ್ಲ. "ನಂಗೆ ನೆನಪಿದೆ" ಅಂದ. "ನಂಗೂ ನೆನಪಿದೆ" ಅಂದೆ. ಆಮೇಲೆ ಇಬ್ಬರೂ ಸುಮ್ನೆ ಕೂತಿದ್ದೆವು.

ಮರುದಿನ ತಂಗಿ ಚೆಂಡು ಊದುತ್ತಿದ್ದಾಗ ಅವನು ಶೂ ಬಿಚ್ಚಿ, ಸಾಕ್ಸನ್ನು ಅದರೊಳಗೆ ತುರುಕಿ, ಪ್ಯಾಂಟು ಮಡಚಿ, ಬೇಬಿ ಪೂಲಿನ ಅಂಚಿಗೆ ಬಂದು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತ. ನಾನು ಅವನ ಹತ್ತಿರ ಹೋಗಲಿಲ್ಲ. ಚೆಂಡು ತೇಲುತ್ತಾ ಅವನ ಕಡೆ ಹೋಯಿತು. ಬಗ್ಗಿ ಊದಿ ತಂಗಿಯ ಕಡೆ ತಿರುಗಿಸಿದ.