ಹಾಸ್ಟೆಲ್ ಹುಡುಗನಿಗೆ ಮೆಂಟರ್ ಆಗ್ತೀರಾ? ಮೊದಲು ಒಂದು ವರ್ಷ ಎತ್ತಿಡಿ

ಜೂನ್ ಬಂತೆಂದರೆ ತುಮಕೂರಿನ ಹಾಸ್ಟೆಲ್‌ಗಳು ತುಂಬುತ್ತವೆ. ಪಾವಗಡ, ಸಿರಾ, ಮಧುಗಿರಿ ಕಡೆಯ ಮಕ್ಕಳು ಟ್ರಂಕು ಹೊತ್ತುಕೊಂಡು ಬಸ್ ಇಳಿಯುತ್ತಾರೆ. ತಮ್ಮ ಮನೆಯಲ್ಲಿ ಪಿಯುಸಿ ಓದುತ್ತಿರುವವರು ತಾವೇ ಮೊದಲು ಅನ್ನುವ ಮಕ್ಕಳು ಅವರಲ್ಲಿ ಎಷ್ಟೋ ಜನ. ಇಂಥ ಒಬ್ಬರಿಗೆ ಮೆಂಟರ್ ಆಗಿ, ಅಂದರೆ ದಾರಿ ತೋರುವ ಹಿರಿಯ ಸ್ನೇಹಿತರಾಗಿ, ಬೆನ್ನಿಗೆ ನಿಲ್ಲಬೇಕು ಅಂತ ನಿಮಗೆ ಅನ್ನಿಸಿದೆಯೇ? ಹಾಗಾದರೆ ಶುರು ಮಾಡುವ ಮೊದಲು ಇದನ್ನು ಓದಿ.

ಬೆನ್ನಿಗೆ ನಿಂತರೆ ಉಪಯೋಗ ಆಗುತ್ತದೆಯೇ? ಆಗುತ್ತದೆ. ಮಕ್ಕಳಿಗೆ ಮೆಂಟರ್‌ಗಳನ್ನು ಜೊತೆ ಮಾಡಿಕೊಡುವ ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆಗೆ ಬಂದ 959 ಮಕ್ಕಳನ್ನು ಸಂಶೋಧಕರು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಕೂಡಲೇ ಮೆಂಟರ್ ಸಿಕ್ಕರು, ಇನ್ನೊಂದು ಗುಂಪು ಕಾದಿತ್ತು. 1995ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 18 ತಿಂಗಳಲ್ಲಿ ಮೊದಲ ಗುಂಪಿನ ಮಕ್ಕಳು ಶಾಲೆ ತಪ್ಪಿಸಿದ ದಿನಗಳು ಇನ್ನೊಂದು ಗುಂಪಿನ ಅರ್ಧದಷ್ಟು ಮಾತ್ರ. ಹೊಸದಾಗಿ ಮಾದಕ ವಸ್ತು ಮುಟ್ಟುವ ಸಾಧ್ಯತೆಯೂ ಶೇ 46ರಷ್ಟು ಕಡಿಮೆ ಇತ್ತು. ಹಾಗಂತ ಪವಾಡ ಕಾಯಬೇಡಿ. 2019ರಲ್ಲಿ 70 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಸಿಕ್ಕ ಸರಾಸರಿ ಲಾಭ ಸಾಧಾರಣದ್ದೇ. ನಾವು ಹೇಗೆ ಮಾಡುತ್ತೇವೆ ಅನ್ನುವುದರ ಮೇಲೆ ತುಂಬಾ ನಿಂತಿದೆ.

ಮೊದಲ ಹೆಜ್ಜೆ: ಕ್ಯಾಲೆಂಡರ್ ತೆಗೆಯಿರಿ

ವಾರಕ್ಕೊಂದು ಗಂಟೆ, ಒಂದು ವರ್ಷ. ಆಗುತ್ತದಾ? ಆಗಲ್ಲ ಅನ್ನಿಸಿದರೆ ಈಗಲೇ ಬಿಟ್ಟುಬಿಡಿ. ಇದು ಒರಟು ಮಾತು ಅನ್ನಿಸಬಹುದು, ಆದರೆ ಕಾರಣ ಇದೆ. ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಸಂಶೋಧಕರು ಅದೇ ಬಿಗ್ ಬ್ರದರ್ಸ್ ಮಕ್ಕಳ ವಿವರಗಳನ್ನು ಮತ್ತೆ ತೆಗೆದು 2002ರಲ್ಲಿ ಬರೆದರು. ವರ್ಷ ಪೂರ್ತಿ ಉಳಿದ ಮೆಂಟರ್-ಮಗು ಜೋಡಿಗಳಲ್ಲಿ ಮಕ್ಕಳಿಗೆ ಜಾಸ್ತಿ ಒಳ್ಳೆಯದಾಗಿತ್ತು. ಮೂರು ತಿಂಗಳೊಳಗೆ ಮುರಿದು ಹೋದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಮೇಲಿದ್ದ ಭರವಸೆಯೇ ಕುಗ್ಗಿತ್ತು.

ಇದು ನನಗೆ ಓದುವ ಮೊದಲೇ ಗೊತ್ತಾಗಬೇಕಿತ್ತು. ಪಾವಗಡ ಕಡೆಯ ಹುಡುಗನೊಬ್ಬನನ್ನು ಎರಡು ಭಾನುವಾರ ಅಮಾನಿಕೆರೆ ಹತ್ತಿರ ಭೇಟಿಯಾಗಿದ್ದೆ. ಮೂರನೇ ವಾರ ಮದುವೆ, ನಾಲ್ಕನೇ ವಾರ ಆಫೀಸ್ ಕೆಲಸ. ಆಮೇಲೆ ಫೋನ್ ಮಾಡಿದಾಗ ಅವನು ಹೇಳಿದ: ‘ಪರವಾಗಿಲ್ಲ ಸರ್, ನಾನೇ ಏನೋ ತಪ್ಪು ಮಾತಾಡಿದ್ದೀನಿ ಅನ್ಕೊಂಡೆ.’ ನಾವು ಬರದಿದ್ದರೆ ನಮಗೆ ಬಿಡುವಿಲ್ಲ ಅಂತ ಮಕ್ಕಳು ಅಂದುಕೊಳ್ಳುವುದಿಲ್ಲ. ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಆ ಮಾತು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಎರಡು: ದೊಡ್ಡವರಿಗೆ ತಿಳಿಸಿ

ವಾರ್ಡನ್‌ಗೂ ಮನೆಯವರಿಗೂ ಹೇಳಿ, ಒಪ್ಪಿಗೆ ಪಡೆಯಿರಿ. ಭೇಟಿ ನಾಲ್ಕು ಜನ ಓಡಾಡುವ ಜಾಗದಲ್ಲಿರಲಿ. ದುಡ್ಡಿನ ವ್ಯವಹಾರ ಬೇಡ.

ಮೂರು: ಬುದ್ಧಿ ಹೇಳುವುದನ್ನು ತಡೆದುಕೊಳ್ಳಿ

ಕಷ್ಟದ ಹೆಜ್ಜೆ ಇದೇ. ‘ನಮ್ಮ ಕಾಲದಲ್ಲಿ’ ಅಂತ ಬಾಯಿಗೆ ಬಂದೇ ಬರುತ್ತದೆ, ಅಲ್ವಾ? ಮಾರೋ ಮತ್ತು ಸ್ಟೈಲ್ಸ್ ಎಂಬ ಇಬ್ಬರು 82 ಜೋಡಿಗಳನ್ನು ಹತ್ತಿರದಿಂದ ಗಮನಿಸಿದರು. ಮೊದಲ ದಿನದಿಂದಲೇ ಮಗುವನ್ನು ತಿದ್ದಲು ಹೊರಟವರ ಸಂಬಂಧ ಹೆಚ್ಚಾಗಿ ಬಾಳಲಿಲ್ಲ. ಮಗುವಿಗೆ ಏನು ಇಷ್ಟ ಅಂತ ಕೇಳಿ, ಆ ದಾರಿಯಲ್ಲೇ ಜೊತೆ ಹೋದವರ ಸಂಬಂಧ ಉಳಿಯಿತು.

ಹಾಗಾಗಿ ಮೊದಲ ಎರಡು ತಿಂಗಳು ಮಾರ್ಕ್ಸ್ ಕಾರ್ಡ್ ಕೇಳಲೇಬೇಡಿ. ತಟ್ಟೆ ಇಡ್ಲಿ ತಿನ್ನಿ. ಕೆರೆ ಏರಿ ಮೇಲೆ ನಡೆಯಿರಿ. ಊರಲ್ಲಿ ಕಡಲೆಕಾಯಿ ಹೇಗೆ ಬಂದಿದೆ, ಮಳೆ ಆಯಿತಾ ಅಂತ ವಿಚಾರಿಸಿ. ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಅದರಲ್ಲಿ ನಾಲ್ಕು ಪದ ಅವರಿಂದಲೇ ಕಲಿಯಿರಿ. ನಿಮಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವಾಗ ಆ ಮುಖ ಅರಳುವುದನ್ನು ನೋಡಬೇಕು!

ನಾಲ್ಕು: ಆಮೇಲೆ ಒಂದೇ ಒಂದು ತೊಡಕು ಹಿಡಿಯಿರಿ

ಸುಮ್ನೆ ಸ್ನೇಹ ಸಾಕೇ? ಸಾಲದು ಅನ್ನುತ್ತದೆ 2020ರ ಇನ್ನೊಂದು ವಿಶ್ಲೇಷಣೆ. ಮಗುವಿನ ನಿರ್ದಿಷ್ಟ ತೊಂದರೆಯನ್ನು ಗುರಿಯಿಟ್ಟು ನಡೆಸಿದ ಕಾರ್ಯಕ್ರಮಗಳಿಂದ, ಬರೀ ಒಡನಾಟದ ಕಾರ್ಯಕ್ರಮಗಳಿಗಿಂತ ದುಪ್ಪಟ್ಟಿಗೂ ಜಾಸ್ತಿ ಪರಿಣಾಮ ಕಂಡಿತ್ತು. ನನ್ನ ಲೆಕ್ಕದಲ್ಲಿ ಎರಡೂ ಬೇಕು. ಸಲುಗೆ ಬೆಳೆಯದೆ ಮಗು ತೊಂದರೆ ಬಾಯಿ ಬಿಡುವುದಿಲ್ಲ.

ನಮ್ಮ ಮಕ್ಕಳಲ್ಲಿ ಆ ತೊಡಕು ಎಷ್ಟೋ ಸಲ ಭಾಷೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿ ಸೈನ್ಸ್‌ನಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷ್. ವೇಗೋತ್ಕರ್ಷ ಅಂದರೆ ಏನು ಅಂತ ಗೊತ್ತಿರುವ ಹುಡುಗಿ ‘ಆಕ್ಸಿಲರೇಷನ್’ ಕೇಳಿ ತಲೆ ತಗ್ಗಿಸುತ್ತಾಳೆ. ತನಗೆ ಬುದ್ಧಿ ಕಡಿಮೆ ಅಂದುಕೊಳ್ಳುತ್ತಾಳೆ. ಒಂದು ನೋಟ್‌ಬುಕ್ ಕೊಡಿ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ದಿನಕ್ಕೆ ಐದು. ವಾರದ ಭೇಟಿಯಲ್ಲಿ ಹತ್ತು ನಿಮಿಷ ಅದನ್ನು ಜೊತೆಗೆ ಕೂತು ನೋಡಿ. ನೋಟ್‌ಬುಕ್ ಅವಳದೇ, ನಿಮ್ಮದಲ್ಲ. ತಪ್ಪಿಗೆ ಕೆಂಪು ಗೀಟು ಎಳೆಯಬೇಡಿ.

ಐದು: ಇನ್ನೊಬ್ಬರನ್ನು ಹುಡುಕಲು ಕಲಿಸಿ

ಅಮೆರಿಕದಲ್ಲಿ ಓದು ಬಿಟ್ಟ ಯುವಕರಿಗಾಗಿ ನಡೆಯುವ ಒಂದು ಕಾರ್ಯಕ್ರಮದಲ್ಲಿ ಮೆಂಟರನ್ನು ಅವರೇ ಆರಿಸಿಕೊಳ್ಳುತ್ತಾರೆ. ತಮಗೆ ಮೊದಲೇ ಪರಿಚಯ ಇದ್ದ ದೊಡ್ಡವರೊಬ್ಬರನ್ನು ಕೇಳಿಕೊಳ್ಳುತ್ತಾರೆ. ಮೂರು ವರ್ಷ ಕಳೆದ ಮೇಲೂ ಅಂಥ ಸಂಬಂಧ ಉಳಿಸಿಕೊಂಡವರ ಸ್ಥಿತಿ ಚೆನ್ನಾಗಿತ್ತು. ನೀವೂ ಕೇಳಿ: ‘ನಿಮ್ಮೂರಲ್ಲಿ ನಿನ್ನ ಮಾತು ಕೇಳುವವರು ಯಾರು?’ ಹೈಸ್ಕೂಲ್ ಮೇಷ್ಟ್ರೋ, ಅಂಗನವಾಡಿ ಟೀಚರೋ, ಸೋದರಮಾವನೋ ಇರುತ್ತಾರೆ. ಅವರಿಗೆ ಫೋನ್ ಮಾಡಲು ಹೇಳಿ. ಏನು ಮಾತಾಡಬೇಕು ಅಂತ ಹಿಂಜರಿದರೆ ಮೊದಲ ಎರಡು ವಾಕ್ಯ ಜೊತೆಗೆ ಕೂತು ಯೋಚಿಸಿ.

ಕೊನೆಗೆ: ಬೀಳ್ಕೊಡುವುದು

ಪರೀಕ್ಷೆಗೆ ಒಂದು ತಿಂಗಳು ಇರುವಾಗಲೇ ಹೇಳಿಬಿಡಿ, ‘ಇನ್ನು ನಾಲ್ಕು ಸಲ ಸಿಗೋಣ’ ಅಂತ. ಕೊನೆಯ ಭೇಟಿಯಲ್ಲಿ ಆ ನೋಟ್‌ಬುಕ್‌ನ ಮೊದಲ ಪುಟ ಒಟ್ಟಿಗೆ ತೆರೆದು ನೋಡಿ. ‘ಫೋನ್ ಮಾಡ್ತಿರ್ತೀನಿ’ ಅಂತ ಬಾಯಿಮಾತಿಗೆ ಹೇಳಬೇಡಿ. ಮಾಡುವುದಾದರೆ ಯಾವ ದಿನ, ಎಷ್ಟು ಗಂಟೆಗೆ ಅಂತ ಹೇಳಿ. ಆ ದಿನ ಮಾಡಿ.