ಲಿಮಿಟ್ ಏರಿಸುವ ಮುಂಚೆ ನಾನು ನೋಡಿದ್ದು

ಲಿನಕ್ಸ್ ಸರ್ವರ್ ಲಾಗ್‌ ತುಂಬಾ ‘ಟೂ ಮೆನಿ ಓಪನ್ ಫೈಲ್ಸ್’ ಅಂತ ಬರುತ್ತಿತ್ತು. ಹೊಸ ಕನೆಕ್ಷನ್ ಒಂದೂ ಒಳಗೆ ಬರುತ್ತಿರಲಿಲ್ಲ. ಆದರೂ ಸಿಪಿಯು ಪೂರ್ತಿ ಬಿಜಿ. ಇವೆರಡೂ ಜೊತೆಗೆ ಕಂಡರೆ ನಾನು ಮೊದಲು ಅನುಮಾನ ಪಡುವುದು ಫೈಲ್ ಡಿಸ್ಕ್ರಿಪ್ಟರ್ ಮೇಲೆ, ಅಂದರೆ ಪ್ರೋಗ್ರಾಂ ತೆರೆದ ಪ್ರತಿಯೊಂದಕ್ಕೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೊಡುವ ನಂಬರ್ ಮೇಲೆ. ಡಿಸ್ಕಿನ ಫೈಲಿಗಷ್ಟೇ ಅಲ್ಲ, ಪ್ರತಿ ಸಾಕೆಟ್‌ಗೂ (ನೆಟ್‌ವರ್ಕ್ ಕನೆಕ್ಷನ್‌ನ ತುದಿ) ಪೈಪ್‌ಗೂ ಒಂದೊಂದು ಡಿಸ್ಕ್ರಿಪ್ಟರ್ ಬೇಕು. ಒಂದು ಪ್ರೋಸೆಸ್‌ಗೆ, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ, ಇಷ್ಟೇ ಡಿಸ್ಕ್ರಿಪ್ಟರ್ ಎಂಬ ಲಿಮಿಟ್ ಇರುತ್ತದೆ. ಅದು ಮುಗಿದರೆ ಹೊಸ ಕನೆಕ್ಷನ್ ಒಳಗೆ ತೆಗೆದುಕೊಳ್ಳುವ ಆಕ್ಸೆಪ್ಟ್ ಕಾಲ್ ಫೇಲ್ ಆಗುತ್ತದೆ, ಕನೆಕ್ಷನ್ ಮಾತ್ರ ಕ್ಯೂನಲ್ಲೇ ಉಳಿಯುತ್ತದೆ. ‘ಯಾರೋ ಬಂದಿದ್ದಾರೆ’ ಅಂತ ಕರ್ನಲ್ ಮತ್ತೆ ಹೇಳುತ್ತದೆ, ಪ್ರೋಗ್ರಾಂ ಮತ್ತೆ ಕರೆಯುತ್ತದೆ, ಮತ್ತೆ ಫೇಲ್. ಲೂಪ್ ಸುಮ್ನೆ ತಿರುಗುತ್ತಲೇ ಇರುತ್ತದೆ.

ಇಂಥ ಹೊತ್ತಲ್ಲಿ ಜಾಸ್ತಿ ಜನ ಶೆಲ್‌ನಲ್ಲಿ (ಕಮಾಂಡ್ ಹೊಡೆಯುವ ಜಾಗ) ಲಿಮಿಟ್ ತೋರಿಸುವ ಯುಲಿಮಿಟ್ ಕಮಾಂಡ್ ಹೊಡೆದು ನೋಡುತ್ತಾರೆ. ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಅದು ತೋರಿಸುವುದು ಆ ಶೆಲ್‌ನ ಲಿಮಿಟ್ ಅಷ್ಟೇ. ಪೇರೆಂಟ್ ಪ್ರೋಸೆಸ್‌ಗೆ ಇದ್ದ ಲಿಮಿಟ್ ಚೈಲ್ಡ್‌ಗೆ ಬರುತ್ತದೆ. ಸರ್ವಿಸ್ ಶುರುವಾಗಿದ್ದು ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯಿಂದ, ನನ್ನ ಶೆಲ್ ಶುರುವಾಗಿದ್ದು ಲಾಗಿನ್‌ನಿಂದ. ಎರಡೂ ಬೇರೆ ಬೇರೆ ಅಲ್ವಾ? ಹಾಗಾಗಿ ನೇರವಾಗಿ, ಕರ್ನಲ್ ಪ್ರತಿ ಪ್ರೋಸೆಸ್‌ನ ಮಾಹಿತಿ ತೋರಿಸುವ ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರೋಸೆಸ್ ನಂಬರಿನ ಕೆಳಗಿರುವ ಲಿಮಿಟ್ಸ್ ಫೈಲ್ ತೆರೆದೆ.

‘ಮ್ಯಾಕ್ಸ್ ಓಪನ್ ಫೈಲ್ಸ್’ ಸಾಲಿನಲ್ಲಿ ಸಾಫ್ಟ್ ಲಿಮಿಟ್ 1024, ಹಾರ್ಡ್ ಲಿಮಿಟ್ 524288 ಇತ್ತು. ಈಗ ಜಾರಿಯಲ್ಲಿರುವುದು ಸಾಫ್ಟ್. ಪ್ರೋಸೆಸ್ ಬೇಕಾದರೆ ಅದನ್ನು ತಾನೇ ಹಾರ್ಡ್‌ವರೆಗೆ ಏರಿಸಿಕೊಳ್ಳಬಹುದು. ಹಾರ್ಡ್ ಲಿಮಿಟನ್ನು ತಗ್ಗಿಸಲು ಯಾರ ಅನುಮತಿಯೂ ಬೇಡ, ಏರಿಸಲು ಮಾತ್ರ ರೂಟ್ ಅಧಿಕಾರ ಬೇಕು. ಸಾಫ್ಟ್ ಇಷ್ಟು ಕಡಿಮೆ ಇರುವುದಕ್ಕೂ ಕಾರಣವಿದೆ. ಹಲವು ಕನೆಕ್ಷನ್‌ಗಳ ಮೇಲೆ ಒಟ್ಟಿಗೆ ಕಣ್ಣಿಡುವ ಹಳೆಯ ಸೆಲೆಕ್ಟ್ ಕಾಲ್‌ಗೆ 1023ಕ್ಕಿಂತ ದೊಡ್ಡ ಡಿಸ್ಕ್ರಿಪ್ಟರ್ ನಂಬರ್ ಕೊಟ್ಟರೆ ಅದು ಕೆಡುತ್ತದೆ. ಆದ್ದರಿಂದಲೇ ಇಡೀ ಸರ್ವರ್‌ಗೆ ಒಂದೇ ಸಲ ಸಾಫ್ಟ್ ಏರಿಸುವುದು ನನಗೆ ಒಪ್ಪಿಗೆಯಿಲ್ಲ. ಯಾವ ಸರ್ವಿಸ್‌ಗೆ ಬೇಕೋ ಅದಕ್ಕಷ್ಟೇ ಏರಿಸುತ್ತೇನೆ.

ಅದಕ್ಕೂ ಮುಂಚೆ ಒಂದು ಪ್ರಶ್ನೆ: ಇದು ನಿಜವಾದ ಅಗತ್ಯವೋ, ತೆರೆದದ್ದನ್ನು ಮುಚ್ಚದೆ ಬಿಡುವ ಲೀಕೋ? ಇದಕ್ಕೆ ಉತ್ತರ ಸಿಗದೆ ನಾನು ಯಾವ ನಂಬರನ್ನೂ ಮುಟ್ಟುವುದಿಲ್ಲ. ಆ ಪ್ರೋಸೆಸ್‌ನ ಎಫ್‌ಡಿ (ಫೈಲ್ ಡಿಸ್ಕ್ರಿಪ್ಟರ್) ಡೈರೆಕ್ಟರಿಯಲ್ಲಿ ಎಷ್ಟು ಎಂಟ್ರಿಗಳಿವೆ ಎಂದು ಆಗಾಗ ಎಣಿಸುತ್ತಾ ಹೋದೆ. ಜೊತೆಗೆ ಎಸ್‌ಎಸ್ ಕಮಾಂಡ್‌ನಲ್ಲಿ ಸಾಕೆಟ್‌ಗಳ ಸ್ಥಿತಿ ನೋಡಿದೆ. ‘ಕ್ಲೋಸ್ ವೇಟ್’ ಜಾಸ್ತಿಯಾಗುತ್ತಲೇ ಇದ್ದರೆ, ಆ ಕಡೆಯವರು ಕನೆಕ್ಷನ್ ಮುಚ್ಚಿದ್ದಾರೆ, ನಮ್ಮ ಪ್ರೋಗ್ರಾಂ ಇನ್ನೂ ಮುಚ್ಚಿಲ್ಲ ಎಂದರ್ಥ. ಆಗ ಲಿಮಿಟ್ ಏರಿಸಿದರೆ ತೊಂದರೆ ಮುಂದಕ್ಕೆ ಹೋಗುತ್ತದೆ ಅಷ್ಟೇ, ಕೋಡ್‌ನಲ್ಲೇ ರಿಪೇರಿ ಆಗಬೇಕು. ನನಗೆ ಕಂಡದ್ದು ಬಹುಪಾಲು ‘ಎಸ್ಟಾಬ್ಲಿಷ್ಡ್’, ಅಂದರೆ ಇನ್ನೂ ನಡೆಯುತ್ತಿರುವ ಕನೆಕ್ಷನ್‌ಗಳು. ಟ್ರಾಫಿಕ್ ಇಳಿದಾಗ ಎಣಿಕೆಯೂ ಇಳಿಯುತ್ತಿತ್ತು. ಅಂದರೆ 1024 ನಿಜವಾಗಿಯೂ ಸಾಲುತ್ತಿರಲಿಲ್ಲ.

ಜನ ಬಳಸುತ್ತಿರುವಾಗ ರೀಸ್ಟಾರ್ಟ್ ಮಾಡುವುದು ಬೇಡವೆಂದು ಮೊದಲು ಪಿಆರ್‌ಲಿಮಿಟ್ ಕಮಾಂಡ್‌ನಿಂದ ಓಡುತ್ತಿರುವ ಪ್ರೋಸೆಸ್‌ನ ಸಾಫ್ಟ್ ಲಿಮಿಟನ್ನೇ 65536ಕ್ಕೆ ಏರಿಸಿದೆ. ಕನೆಕ್ಷನ್‌ಗಳು ತಕ್ಷಣ ಒಳಗೆ ಬರತೊಡಗಿದವು. ಶುರುವಾಗುವಾಗಲೇ ಲಿಮಿಟ್ ಓದಿಕೊಂಡು ತನ್ನ ಲೆಕ್ಕ ಹಾಕಿಕೊಳ್ಳುವ ಪ್ರೋಗ್ರಾಂಗಳಿಗೆ ಇದು ಸಾಲದು, ಅವನ್ನು ರೀಸ್ಟಾರ್ಟ್ ಮಾಡಲೇಬೇಕು.

ಪಿಆರ್‌ಲಿಮಿಟ್ ಬದಲಾವಣೆ ಆ ಪ್ರೋಸೆಸ್ ಇರುವವರೆಗೆ ಮಾತ್ರ. ಕಾಯಂ ಮಾಡಲು ಲಿಮಿಟ್ಸ್ ಡಾಟ್ ಕಾನ್ಫ್ ಫೈಲಿಗೆ ಬರೆದರೆ ಸರ್ವಿಸ್‌ಗೆ ತಾಗುವುದಿಲ್ಲ. ಅದನ್ನು ಓದುವುದು ಲಾಗಿನ್ ನೋಡಿಕೊಳ್ಳುವ ಪ್ಯಾಮ್, ಅದೂ ಲಾಗಿನ್ ಸೆಷನ್‌ಗೆ. ಅದಕ್ಕೇ ಸಿಸ್ಟಮ್‌ಡಿಯ ಸೆಟ್ಟಿಂಗ್ ಬದಲಿಸುವ ಸಿಸ್ಟಮ್‌ಸಿಟಿಎಲ್ ಎಡಿಟ್ ಮೂಲಕ ಸರ್ವಿಸ್ ವಿಭಾಗದಲ್ಲಿ ಲಿಮಿಟ್‌ನೋಫೈಲ್ ಸಾಲು ಸೇರಿಸಿದೆ. ಅಲ್ಲಿ ಒಂದೇ ನಂಬರ್ ಕೊಟ್ಟರೆ ಸಾಫ್ಟ್, ಹಾರ್ಡ್ ಎರಡೂ ಅದೇ ಆಗಿಬಿಡುತ್ತವೆ. ಹಾರ್ಡ್ ಕಡಿಮೆಯಾಗುವುದು ನನಗೆ ಬೇಕಿರಲಿಲ್ಲ, ಅದಕ್ಕೇ ನಡುವೆ ಕೋಲನ್ ಹಾಕಿ 65536:524288 ಎಂದು ಬರೆದೆ. ಟ್ರಾಫಿಕ್ ಇಳಿದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ, ಹೊಸ ಪ್ರೋಸೆಸ್ ನಂಬರ್ ಹಿಡಿದು ಅದರ ಲಿಮಿಟ್ಸ್ ಫೈಲ್ ಓದಿದೆ. ಎರಡೂ ನಂಬರ್ ಸರಿಯಾಗಿ ಕೂತಿದ್ದವು. ಎಫ್‌ಡಿ ಎಣಿಕೆಯನ್ನು ಮಾನಿಟರಿಂಗ್‌ಗೆ ಸೇರಿಸಿ, ಲಿಮಿಟ್‌ನ ಮುಕ್ಕಾಲು ಭಾಗ ದಾಟಿದರೆ ಅಲರ್ಟ್ ಬರುವಂತೆ ಮಾಡಿದೆ.